ಕಲ್ಲಿನ ನಾಡಿನಲ್ಲಿ ಟೈಲ್ಸ್ ಕಟರು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ – ಈ ನಾಲ್ಕು ಊರುಗಳ ಹಳೆಯ ಬೀದಿಗಳಲ್ಲಿ ನಡೆದರೆ ಒಂದಲ್ಲ ಒಂದು ಮನೆಯ ಮುಂದೆ ಮರಳಿನ ಗುಡ್ಡೆ, ಅದರ ಮಗ್ಗುಲಲ್ಲಿ ಕಿತ್ತು ರಾಶಿ ಹಾಕಿದ ಹಳೆಯ ನೆಲ ಕಣ್ಣಿಗೆ ಬೀಳುತ್ತವೆ. ಅಜ್ಜನ ಕಾಲದಲ್ಲಿ ಕಲ್ಲುಚಪ್ಪಡಿ ಹಾಸಿದ್ದ ಪಡಸಾಲೆ, ತಂದೆಯ ಕಾಲದಲ್ಲಿ ರೆಡ್ ಆಕ್ಸೈಡ್ ತಿಕ್ಕಿ ಕನ್ನಡಿಯಂತೆ ಮಾಡಿದ್ದ ನಡುಮನೆ, ಎರಡೂ ಈಗ ಟೈಲ್ಸಿಗೆ ಜಾಗ ಬಿಟ್ಟುಕೊಡುತ್ತಿವೆ. ಇದು ಸರಿಯೋ ತಪ್ಪೋ ಎಂಬ ಚರ್ಚೆ ಇಂದಿನ ವಿಷಯವಲ್ಲ. ರೆಡ್ ಆಕ್ಸೈಡಿನ ತಂಪು ಬಲ್ಲ ಅಂಗಾಲುಗಳಿಗೆ ಆ ಚರ್ಚೆಯ ಅಗತ್ಯವೂ ಇಲ್ಲ. ನಾನು ಹೇಳಹೊರಟಿರುವುದು ಆ ಟೈಲ್ಸನ್ನು ಕತ್ತರಿಸುವ ಉಪಕರಣದ ಮಾತು. ಬಣ್ಣ ಆರಿಸುವುದಕ್ಕೆ ಮನೆಮಂದಿಯೆಲ್ಲ ಅಂಗಡಿಗೆ ಹೋಗುತ್ತಾರೆ. ಕಟರು ಯಾವುದು ಎಂದು ಕೇಳುವವರು ಅಪರೂಪ.

ಹಳೆಯ ಮನೆಯ ಗೋಡೆಗಳನ್ನು ಟೈಲ್ಸಿನ ಅಳತೆಗೆ ಕಟ್ಟಿದವರು ಯಾರೂ ಇಲ್ಲ. 11 ಅಡಿ ಅಗಲ, 13 ಅಡಿ ಉದ್ದದ ಒಂದು ಕೋಣೆಗೆ ಎರಡಡಿ ಚೌಕದ ಟೈಲ್ಸ್ ಹಾಸಿದರೆ ಇಡಿಯಾಗಿ ಕೂರುವವು 30. ಉಳಿದ 12 ಎಡೆಗಳಿಗೆ ಕತ್ತರಿಸಿದ ತುಂಡೇ ಬೇಕು. ಗೋಡೆ ಮಣ್ಣಿನದಾಗಿದ್ದು ಮೂಲೆ ಸ್ವಲ್ಪ ಸೊಟ್ಟಗಿದ್ದರೆ, ಆ ಹನ್ನೆರಡರಲ್ಲಿ ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ. ಕಂಬದ ಬುಡ, ಹೊಸ್ತಿಲು, ಬಚ್ಚಲುಮನೆಯ ನೀರು ಹೋಗುವ ದಾರಿ ಇವನ್ನೆಲ್ಲ ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಕಟರು ಕೆಟ್ಟದ್ದಾದರೆ ಒಡೆದ ಟೈಲ್ಸಿನ ಹಣವೇ ಕಟರಿನ ಬೆಲೆಯನ್ನು ಮೀರುವುದುಂಟು.

ಇನ್ನು ಈ ಸೀಮೆಯವರಿಗೆ ಕಲ್ಲು ಸೀಳುವ ವಿದ್ಯೆಯನ್ನು ಹೊರಗಿನವರು ಕಲಿಸಬೇಕಾಗಿಲ್ಲ. ರಾಮನಗರದ ಬೆಟ್ಟಗಳೂ ಮಾಗಡಿಯ ಸಾವನದುರ್ಗವೂ ಸುಮಾರು 250 ಕೋಟಿ ವರ್ಷ ವಯಸ್ಸಿನ ಗ್ರಾನೈಟು. ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಚಾಚಿರುವ ಈ ಶಿಲಾಶ್ರೇಣಿಗೆ ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರಿಟ್ಟುಕೊಂಡಿದ್ದಾರೆ. ಕ್ಲೋಸ್‌ಪೇಟೆ ಎಂಬುದು ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಿಂದ ಬಂದ, ರಾಮನಗರದ ಹಳೆಯ ಹೆಸರು. ಊರು ಹೆಸರು ಬದಲಿಸಿಕೊಂಡಿತು, ಬಂಡೆ ಬದಲಿಸಿಕೊಳ್ಳಲಿಲ್ಲ. ಕನಕಪುರದ ಕಡೆಯ ಗ್ರಾನೈಟು ದೂರದ ದೇಶಗಳ ಮನೆಗಳಿಗೂ ಹೋಗಿ ಸೇರಿದೆ. ಈ ಬಂಡೆಯ ಮೇಲೆ ಕಲ್ಲುಕುಟಿಗರು ಉಳಿಯಿಂದ ಒಂದು ನೇರದಲ್ಲಿ ಸಣ್ಣ ಸಣ್ಣ ಗುಳಿ ತೋಡುತ್ತಿದ್ದರು. ಒಂದೊಂದಕ್ಕೂ ಕಬ್ಬಿಣದ ಬೆಣೆ ಇಟ್ಟು ಸಾಲಿನುದ್ದಕ್ಕೂ ಸುತ್ತಿಗೆಯಿಂದ ಸರದಿಯ ಮೇಲೆ ತಟ್ಟುತ್ತ ಬರುತ್ತಿದ್ದರು. ಬಂಡೆ ಕೊನೆಗೆ ತಾನಾಗಿಯೇ ಆ ಗೆರೆಗೆ ಸರಿಯಾಗಿ ಬಾಯಿಬಿಡುತ್ತಿತ್ತು. ಬೆಂಗಳೂರಿನ ಸುತ್ತ ಬಂಡೆಯ ಮೇಲೆ ಸೌದೆಯ ಬೆಂಕಿ ಹಾಕಿ, ಅದನ್ನು ಮೆಲ್ಲಗೆ ಸರಿಸುತ್ತ ಹಾಳೆಯಂತೆ ಕಲ್ಲು ಬಿಡಿಸುತ್ತಿದ್ದ ಪದ್ಧತಿಯನ್ನು 1895ರಲ್ಲಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆ ಬಣ್ಣಿಸಿತ್ತು. ಎರಡು ಪದ್ಧತಿಗಳಲ್ಲಿಯೂ ಕಲ್ಲನ್ನು ಯಾರೂ ಕೊಯ್ಯಲಿಲ್ಲ ಎಂಬುದನ್ನು ಗಮನಿಸಬೇಕು. ಎಲ್ಲಿ ಬಿರಿಯಬೇಕೆಂದು ಕಲ್ಲಿಗೆ ತೋರಿಸಿಕೊಟ್ಟರು, ಅಷ್ಟೆ.

ಕೈಯಿಂದ ನಡೆಸುವ ಟೈಲ್ಸ್ ಕಟರಿನ ಮರ್ಮವೂ ಇದೇ. ಎರಡು ಸರಳುಗಳ ಮೇಲೆ ಜಾರುವ ಒಂದು ಹಿಡಿ, ಅದರ ಕೆಳಗೆ ಬಟಾಣಿ ಕಾಳಿನಷ್ಟೋ ಗುಂಡಿಯಷ್ಟೋ ಇರುವ ಒಂದು ಗಾಲಿ. ಆ ಗಾಲಿ ಟೈಲ್ಸಿನ ಮೆರುಗಿನ ಮೇಲೆ ಉರುಳುತ್ತ ಹೋದಾಗ ಗೀರೊಂದು ಕಾಣಿಸುತ್ತದೆ. ಕಣ್ಣಿಗೆ ಕಾಣದ ಬಿರುಕೊಂದು ಅದರ ಕೆಳಗೆ ಹುಟ್ಟುತ್ತದೆ. ಅನಂತರ ಹಿಡಿಯ ಪಾದವನ್ನು ಗೀರಿನ ಎರಡು ಮಗ್ಗುಲಿಗೆ ಒತ್ತಿದರೆ ಟೈಲ್ಸು ಮಣಿದು ಬಿರುಕಿನ ನೇರಕ್ಕೆ ಎರಡಾಗುತ್ತದೆ. ಗಾಜಿನಂಥ ವಸ್ತು ಮುರಿಯುವುದು ಅದರೊಳಗಿನ ಕಿರುಬಿರುಕುಗಳ ದೆಸೆಯಿಂದ ಎಂಬುದನ್ನು ಗಣಿತದ ಮೂಲಕ ವಿವರಿಸಿದವನು ಗ್ರಿಫಿತ್ ಎಂಬ ಇಂಗ್ಲಿಷ್ ವಿಜ್ಞಾನಿ, 1921ರಲ್ಲಿ. ನಮ್ಮ ಬೆಣೆಯವರು ಅದನ್ನು ಸುತ್ತಿಗೆಯ ಸದ್ದಿನಲ್ಲೇ ತಿಳಿದಿದ್ದರು. ಗಾರೆ ಕೆಲಸದವರಿಗಾಗಿ ಈ ತತ್ತ್ವವನ್ನು ಯಂತ್ರರೂಪಕ್ಕೆ ಇಳಿಸಿದವರಲ್ಲಿ ಸ್ಪೇನಿನ ಬಾರ್ಸಿಲೋನಾ ಹತ್ತಿರದ ರೂಬಿ ಎಂಬ ಊರಿನ ಬೋಅದಾ ಸಹೋದರರು ಪ್ರಮುಖರು. ಅವರ ಕೆಲಸ 1951ರದು.

ಇಲ್ಲಿಂದಲೇ ಮೊದಲ ಬುದ್ಧಿಮಾತು ಹೊರಡುತ್ತದೆ: ಗೀರು ಒಂದೇ ಸಲ, ಒಂದೇ ಸಮನಾದ ಒತ್ತಡದಲ್ಲಿ. ಆಳವಾಗಲೆಂದು ಎರಡನೆಯ ಸಲ ಎಳೆದರೆ ಗಾಲಿ ಅದೇ ಹಾದಿಯಲ್ಲಿ ಓಡುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಬಿರುಕು ಹುಟ್ಟಿ ಅಂಚು ಹಲ್ಲುಹಲ್ಲಾಗುತ್ತದೆ. ಕಟರು ಕೆಟ್ಟಿದೆಯೆಂದು ದೂರುವವರಲ್ಲಿ ಅರ್ಧ ಜನರ ಕಾಯಿಲೆ ಈ ಎರಡನೆಯ ಗೀರೇ ಇರಬಹುದೆಂದು ನನ್ನ ಅನುಮಾನ.

ಕೊಳ್ಳುವಾಗ ನೋಡಬೇಕಾದ್ದು ಮುಖ್ಯವಾಗಿ ಸರಳು. ಸರಳು ಟೊಳ್ಳು ಕೊಳವೆಯಾಗಿದ್ದರೆ ಆರು ತಿಂಗಳಲ್ಲಿ ನಡು ಬಾಗುತ್ತದೆ. ಗಟ್ಟಿ ಉಕ್ಕಿನದೇ ಆಗಬೇಕು, ತುಕ್ಕು ಹಿಡಿಯದ ಹಾಗೆ ಕ್ರೋಮಿನ ಲೇಪವಿರಬೇಕು. ಹಿಡಿಯನ್ನು ಸರಳಿನ ನಟ್ಟನಡುವೆ ತಂದು ಎಡಕ್ಕೂ ಬಲಕ್ಕೂ ಅಲುಗಿಸಿ ನೋಡಿ. ಅಂಗಡಿಯಲ್ಲಿಯೇ ಕೂದಲೆಳೆಯಷ್ಟು ಆಡಿದರೆ ಮನೆಯಲ್ಲಿ ನೂರು ಟೈಲ್ಸ್ ಆದ ಮೇಲೆ ಅದು ಕಡ್ಡಿಯಷ್ಟು ಆಡುತ್ತದೆ. ಹಿಡಿ ಜಾರುವ ಎಡೆಯಲ್ಲಿ ಬೇರಿಂಗು ಇದ್ದರೆ ಸವೆತ ಕಡಿಮೆ. ಬುಡದ ತಟ್ಟೆ ನೆಲದ ಮೇಲೆ ಕುಂಟಬಾರದು. ಬಣ್ಣ, ಹಿಡಿಯ ರಬ್ಬರು, ಪೆಟ್ಟಿಗೆಯ ಮೇಲಿನ ಚಿತ್ರ ಇವುಗಳನ್ನು ನೋಡದೆ ಇದ್ದರೂ ನಷ್ಟವಿಲ್ಲ.

ಉದ್ದದ ಲೆಕ್ಕವನ್ನು ಮನೆಯಲ್ಲಿಯೇ ಮಾಡಿಕೊಂಡು ಹೋಗಬೇಕು. 600 ಮಿಲಿಮೀಟರ್ ಚೌಕದ ಟೈಲ್ಸಿಗೆ ಅಷ್ಟೇ ಉದ್ದದ ಕಟರು ಸಾಕೆಂದು ಅಂಗಡಿಯವರು ಹೇಳುತ್ತಾರೆ, ನೇರ ಕೊಯ್ತಕ್ಕೆ ಅದು ನಿಜ. ಆದರೆ ಟೈಲ್ಸನ್ನು ಮೂಲೆಯಿಂದ ಮೂಲೆಗೆ ಸೀಳಬೇಕಾಗಿ ಬಂದರೆ ಆ ಕರ್ಣದ ಉದ್ದ ಸುಮಾರು 850 ಮಿಲಿಮೀಟರು. ಎರಡಡಿಗೆ ನಾಲ್ಕಡಿಯ ದೊಡ್ಡ ಟೈಲ್ಸು ಹಾಸುವವರಿಗೆ ಇನ್ನೂ ಉದ್ದದ, ಇನ್ನೂ ದುಬಾರಿಯಾದ ಕಟರೇ ಬೇಕು. ಅದಕ್ಕಿಂತ ಸಣ್ಣ ಟೈಲ್ಸು ಆರಿಸುವುದು ಲೇಸೆಂದರೆ ಮನೆಯೊಡತಿ ಒಪ್ಪಬೇಕಲ್ಲ.

ಗಾಲಿಯ ವಿಷಯ ಸ್ವಲ್ಪ ಸ್ವಾರಸ್ಯದ್ದು. ಅದು ಟಂಗ್‌ಸ್ಟನ್ ಕಾರ್ಬೈಡಿನಿಂದ ಮಾಡಿದ್ದು. ಜರ್ಮನಿಯ ಕ್ರುಪ್ ಕಂಪನಿ 1926ರಲ್ಲಿ ಈ ವಸ್ತುವಿಗೆ ‘ವಿಡಿಯಾ’ ಎಂಬ ಹೆಸರು ಕಟ್ಟಿತು; ‘ವಜ್ರದಂತೆ’ ಎಂಬ ಜರ್ಮನ್ ಮಾತಿನ ಮೊಟಕು ರೂಪ ಅದು. ಮುಂದೆ ಅದೇ ಹೆಸರಿನ ಕಾರ್ಖಾನೆಯೊಂದು ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಬಹುಕಾಲ ನಡೆಯಿತು. ಜರ್ಮನ್ ಅರಿಯದ ನಮ್ಮ ವರ್ಕ್‌ಶಾಪಿನವರ ಬಾಯಲ್ಲಿ ವಿಡಿಯಾ ಎಂಬುದು ಈ ಲೋಹದ ಹೆಸರಾಗಿಯೇ ಉಳಿದದ್ದು ಹೀಗೆ. ಚನ್ನಪಟ್ಟಣದಲ್ಲಿ ಲೇತಿನ ಮೇಲೆ ಆಲೆಮರ ಕಡೆಯುವ ಗೊಂಬೆಯ ಕುಶಲಕರ್ಮಿ ತನ್ನ ಉಳಿಗೆ ತಾನೇ ಸಾಣೆ ಹಿಡಿದುಕೊಳ್ಳಬಲ್ಲ. ಟೈಲ್ಸ್ ಕಟರಿನ ಗಾಲಿಗೆ ಆ ಭಾಗ್ಯವಿಲ್ಲ. ಅದು ಸವೆಯುತ್ತದೆ, ಬದಲಿಸಬೇಕು. ಆದ್ದರಿಂದ ಬಾಳಿಕೆಯ ಪ್ರಶ್ನೆಯೆಂದರೆ ಗಾಲಿ ಎಷ್ಟು ದಿನ ಬರುತ್ತದೆ ಎಂಬುದಲ್ಲ. ಬೇರೆ ಗಾಲಿ ನಿಮ್ಮ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ದೊರೆಯುತ್ತದೆಯೇ ಎಂಬುದು. ದೊರೆಯದಿದ್ದರೆ ಎಂಥ ಉತ್ತಮ ಕಟರೂ ಅಟ್ಟ ಸೇರುತ್ತದೆ.

ಕೈಕಟರಿಗೆ ಮಿತಿಯೂ ಇದೆ. ಗೋಡೆಯ ಸೆರಾಮಿಕ್ ಟೈಲ್ಸು ತನ್ನ ತೂಕದ ಶೇಕಡಾ 10ಕ್ಕೂ ಹೆಚ್ಚು ನೀರು ಕುಡಿಯುವಷ್ಟು ಸಡಿಲ, ಸಲೀಸಾಗಿ ಮುರಿಯುತ್ತದೆ. ವಿಟ್ರಿಫೈಡ್ ಟೈಲ್ಸು ಕುಡಿಯುವುದು ಶೇಕಡಾ 0.5ಕ್ಕಿಂತ ಕಡಿಮೆ, ಅಷ್ಟು ಬಿಗಿ. ಅದಕ್ಕೆ ಗಟ್ಟಿ ಪಾದದ ಕಟರೇ ಆಗಬೇಕು. ಪೈಪಿಗೆ ರಂಧ್ರ, ಕಂಬದ ಬುಡಕ್ಕೆ ಮೂಲೆ ತೆಗೆಯುವುದು, ಅಡಿಗೆಮನೆಯ ಕಟ್ಟೆಗೆ ಗ್ರಾನೈಟು ಕೊಯ್ಯುವುದು ಇವು ಕೈಕಟರಿನಿಂದ ಆಗದ ಕೆಲಸಗಳು. ಗ್ರಾನೈಟಿನ ಹರಳುಗಳು ಆ ಗಾಲಿಯ ಗೀರಿಗೆ ಜಗ್ಗುವುದಿಲ್ಲ. ಅಲ್ಲಿ ಬೇಕಾಗುವುದು ಮಾರ್ಬಲ್ ಕಟರೆಂದು ಕರೆಯಲ್ಪಡುವ ವಿದ್ಯುತ್ ಯಂತ್ರ, ಅದರ ಮೂತಿಗೆ ಡೈಮಂಡ್ ಬ್ಲೇಡು. ನಾಲ್ಕಂಗುಲದ ಆ ಬ್ಲೇಡು ನಿಮಿಷಕ್ಕೆ 12 ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುವಾಗ ಅದರ ಅಂಚಿನ ವೇಗ ಗಂಟೆಗೆ ಸುಮಾರು 250 ಕಿಲೋಮೀಟರು. ಬ್ಲೇಡಿನ ಮೇಲಿನ ಕವಚವನ್ನು ಅಡ್ಡ ಬರುತ್ತದೆಂದು ಕಿತ್ತೊಗೆಯುವವರು ಈ ಒಂದು ಅಂಕಿಯನ್ನು ನೆನಪಿಟ್ಟುಕೊಳ್ಳಲಿ.

ಡೈಮಂಡ್ ಬ್ಲೇಡಿಗೆ ಹಲ್ಲಿನ ಹರಿತವಿಲ್ಲ. ಲೋಹದ ಅಂಟಿನಲ್ಲಿ ಹುದುಗಿರುವ ವಜ್ರದ ಹರಳುಗಳು ಕಲ್ಲನ್ನು ತೇಯುತ್ತವೆ. ಹರಳು ಮೊಂಡಾದಂತೆ ಲೋಹ ಸವೆದು ಹೊಸ ಹರಳು ತಲೆ ಎತ್ತಬೇಕು. ಇದರಿಂದ ಮೇಲುನೋಟಕ್ಕೆ ವಿಚಿತ್ರವಾಗಿ ಕಾಣುವ ನಿಯಮವೊಂದು ಹುಟ್ಟುತ್ತದೆ: ಕಲ್ಲು ಗಟ್ಟಿಯಾದಷ್ಟೂ ಬ್ಲೇಡಿನ ಲೋಹ ಮೆತ್ತಗಿರಬೇಕು. ‘ಎಲ್ಲಕ್ಕೂ ಒಂದೇ’ ಎಂದು ಕೊಂಡ ಬ್ಲೇಡು ಗ್ರಾನೈಟಿನ ಮೇಲೆ ಹೊಳಪು ಬಂದು ಕೊಯ್ಯದೆ ನಿಂತರೆ ಎಸೆಯುವ ಮುನ್ನ ಒರಟಾದ ಸಾಣೆಕಲ್ಲಿನ ಮೇಲೋ ಇಟ್ಟಿಗೆಯ ಮೇಲೋ ನಾಲ್ಕು ಸಲ ಆಡಿಸಿ ನೋಡಿ. ಮುಚ್ಚಿದ್ದ ಹರಳುಗಳು ತೆರೆದುಕೊಳ್ಳುತ್ತವೆ. ಮೆರುಗಿನ ಟೈಲ್ಸಿಗೆ ಅಂಚು ಸಂದಿಲ್ಲದೆ ಕೂಡಿಕೊಂಡಿರುವ ಬ್ಲೇಡು, ಗ್ರಾನೈಟಿಗೂ ಕಾಂಕ್ರೀಟಿಗೂ ಅಂಚಿನಲ್ಲಿ ಸೀಳುಗಳಿರುವ ಬ್ಲೇಡು. ಯಂತ್ರ ಸುಡುವುದು ಬಹುಮಟ್ಟಿಗೆ ಅದರ ತಪ್ಪಿನಿಂದಲ್ಲ, ತೆಳುವಾದ ಉದ್ದನೆಯ ತಂತಿಯಿಂದ. ವೋಲ್ಟೇಜು ಇಳಿದು ಮೋಟಾರು ನಿಧಾನವಾಗುತ್ತದೆ, ಕೆಲಸಗಾರ ಇನ್ನೂ ಒತ್ತುತ್ತಾನೆ, ಆರ್ಮೇಚರು ಕರಕಾಗುತ್ತದೆ. ಕಾರ್ಬನ್ ಬ್ರಷ್ಷು ಸುಲಭವಾಗಿ ಬದಲಿಸಲು ಬರುವ ಯಂತ್ರವನ್ನೇ ಆರಿಸಬೇಕು.

ಇವೆಲ್ಲಕ್ಕಿಂತ ಹೆಚ್ಚಿನ ಮಾತು ಧೂಳಿನದು. ಗ್ರಾನೈಟಿನಲ್ಲಿಯೂ ಟೈಲ್ಸಿನಲ್ಲಿಯೂ ಸ್ಫಟಿಕ ಸಿಲಿಕಾ ಇದೆ. ಒಣಗಿದ ಟೈಲ್ಸಿನ ಮೇಲೆ ಬ್ಲೇಡು ಓಡಿದಾಗ ಬೀದಿಗೆಲ್ಲ ಹಬ್ಬುವ ಬಿಳಿಯ ಮಂಜಿನಲ್ಲಿ ಕಣ್ಣಿಗೆ ಕಾಣುವ ಕಣಗಳು ಅಷ್ಟು ಅಪಾಯಕಾರಿಯಲ್ಲ. ಕಾಣದ, ಕೂದಲಿನ ದಪ್ಪದ ಹತ್ತರಲ್ಲೊಂದು ಪಾಲಿಗಿಂತಲೂ ಸಣ್ಣ ಕಣಗಳು ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲಿಯೇ ನಿಲ್ಲುತ್ತವೆ. ಹತ್ತಾರು ವರ್ಷಗಳ ಮೇಲೆ ಅದು ಸಿಲಿಕೋಸಿಸ್ ಎಂಬ, ಗುಣವಾಗದ ರೋಗವಾಗಿ ಕಾಣಿಸಿಕೊಳ್ಳುತ್ತದೆ. 1948ರ ಕಾರ್ಖಾನೆ ಕಾಯಿದೆಯಲ್ಲಿಯೇ ಈ ರೋಗದ ಹೆಸರು ಸೇರಿತ್ತು. ಆದರೆ ಒಬ್ಬರ ಮನೆಯ ಪಡಸಾಲೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಟೈಲ್ಸು ಕೊಯ್ಯುವ ಹುಡುಗನಿಗೆ ಕಾರ್ಖಾನೆ ಎಲ್ಲಿ, ಇನ್‌ಸ್ಪೆಕ್ಟರು ಎಲ್ಲಿ? ಅಡಿಗೆಮನೆಯ ಕಟ್ಟೆಗೆಂದು ಈಚೆಗೆ ಬಂದಿರುವ, ಅಂಟಿನಿಂದ ಕೂಡಿಸಿದ ಕ್ವಾರ್ಟ್ಸ್ ಸ್ಲ್ಯಾಬುಗಳಲ್ಲಿ ಸಿಲಿಕಾದ ಪ್ರಮಾಣ ಗ್ರಾನೈಟಿನದಕ್ಕಿಂತ ಬಹಳ ಹೆಚ್ಚು. ಅವನ್ನು ಕೊಯ್ದ ಯುವಕರು ಸಾಲುಸಾಲಾಗಿ ಕಾಯಿಲೆ ಬಿದ್ದುದರಿಂದ ಆಸ್ಟ್ರೇಲಿಯಾ ದೇಶ 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿತು.

ಮೂಗಿಗೆ ಸುತ್ತಿಕೊಂಡ ಟವಲು ಈ ಕಣಗಳನ್ನು ತಡೆಯುವುದಿಲ್ಲ. ತಡೆಯುವುದು ನೀರು. ಬ್ಲೇಡಿಗೆ ನೀರು ಹಾಯಿಸುವ ಕೊಳವೆ ಯಂತ್ರದಲ್ಲಿಯೇ ಇರಬೇಕು; ಸಾಮಾನ್ಯ ಗ್ರೈಂಡರಿನ ಮೇಲೆ ಬಾಟಲಿಯಿಂದ ನೀರು ಹನಿಸುವುದು ವಿದ್ಯುತ್ತಿನೊಡನೆ ಸರಸ. ಅರ್ತಿಂಗ್ ಇರುವ ಪ್ಲಗ್ಗು, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇವಿಲ್ಲದೆ ಒದ್ದೆ ಕೆಲಸ ಕೂಡದು. ಕೊಯ್ಯುವುದನ್ನು ಹೊರಗೆ, ಗಾಳಿಯಾಡುವ ಕಡೆ ಇಟ್ಟುಕೊಂಡು ಎನ್95 ದರ್ಜೆಯ ಮಾಸ್ಕು ಕೊಡಿಸಬೇಕು. ಕೈಕಟರಿನ ನಿಜವಾದ ಹಿರಿಮೆ ನನಗೆ ಕಾಣುವುದು ಇಲ್ಲಿ. ಅದು ಧೂಳನ್ನು ಎಬ್ಬಿಸುವುದೇ ಇಲ್ಲವೆನ್ನುವಷ್ಟು ಕಡಿಮೆ ಎಬ್ಬಿಸುತ್ತದೆ, ಸದ್ದೂ ಇಲ್ಲ. ನೇರ ಕೊಯ್ತಗಳನ್ನೆಲ್ಲ ಅದರಿಂದಲೇ ಮುಗಿಸಿ, ಉಳಿದ ಹತ್ತು ಹದಿನೈದು ತುಂಡುಗಳಿಗೆ ಮಾತ್ರ ಯಂತ್ರ ಹಿಡಿಯುವಂತೆ ಮೇಸ್ತ್ರಿಯೊಡನೆ ಮೊದಲೇ ಮಾತಾಡಿಕೊಳ್ಳಬಹುದು. ವೇಗ ಕಡಿಮೆಯೆಂದು ಆತ ಗೊಣಗಿದರೆ ಅರ್ಧ ದಿನದ ಕೂಲಿ ಹೆಚ್ಚು ಕೊಟ್ಟರೂ ಸರಿಯೆ.

ಹಾಗಾದರೆ ಏನನ್ನು ಕೊಳ್ಳಬೇಕು? ಒಂದು ಬಚ್ಚಲುಮನೆಯಷ್ಟೇ ಕೆಲಸವಾದರೆ ಏನನ್ನೂ ಕೊಳ್ಳಬೇಡಿ. ಮನೆಯನ್ನು ವರ್ಷಕ್ಕೊಂದು ಕೋಣೆಯಂತೆ ಸರಿಪಡಿಸಿಕೊಳ್ಳುವವರು ಒಳ್ಳೆಯ ಕೈಕಟರೊಂದನ್ನು ಕೊಂಡು ಯಂತ್ರವನ್ನು ಬಾಡಿಗೆಗೆ ತರುವುದು ಲೇಸು. ಅಂಗಡಿಗೆ ಹೋಗುವಾಗ ನೀವು ಹಾಸಲಿರುವ ಟೈಲ್ಸನ್ನೇ ಎರಡು ಕೊಂಡುಹೋಗಿ. ಒಂದನ್ನು ನಡುವೆ ಮುರಿಯುವುದು ಯಾವ ಕಟರಿಗೂ ಸುಲಭ. ಇನ್ನೊಂದರ ಅಂಚಿನಿಂದ ಎರಡು ಬೆರಳಗಲದ ಪಟ್ಟಿಯೊಂದನ್ನು ತೆಗೆದು ತೋರಿಸಲು ಹೇಳಿ. ಪಟ್ಟಿ ನಡುವೆ ತುಂಡಾಗದೆ ಉದ್ದಕ್ಕೂ ಒಂದೇ ನೇರಕ್ಕೆ ಬಂದರೆ ಅದನ್ನು ಕೊಳ್ಳಬಹುದು. ಜೊತೆಗೆ ಎರಡು ಗಾಲಿಗಳನ್ನೂ ಅಂದೇ ಕೊಂಡಿಡಿ. ಎರಡು ವರ್ಷ ಬಿಟ್ಟು ಹೋದರೆ ಅದೇ ಅಳತೆಯದು ಸಿಕ್ಕೀತೆಂದು ಹೇಳಲಾಗದು.