ಬೀಜವಿಲ್ಲದ ಬಾಳೆಯಲ್ಲಿ ಕೋಶವಿಭಜನೆ: ದಿಂಡಿಗಲ್ ಬೆಟ್ಟಬಾಳೆಯ ಉದಾಹರಣೆ

ಕೋಶವಿಭಜನೆ ಅಂದ ತಕ್ಷಣ ನಮಗೆಲ್ಲ ಈರುಳ್ಳಿ ಬೇರಿನ ಸ್ಲೈಡು ನೆನಪಾಗುತ್ತದೆ. ನಾನು ಇವತ್ತು ಬಾಳೆಗಡ್ಡೆಯಿಂದ ಶುರುಮಾಡುತ್ತೇನೆ. ದಿಂಡಿಗಲ್ ಜಿಲ್ಲೆಯ ಬೆಟ್ಟಗಳಲ್ಲಿ ಬೆಳೆಯುವ ವಿರೂಪಾಕ್ಷಿ ಬಾಳೆ ಪಳನಿಯ ಪಂಚಾಮೃತಕ್ಕೆ ಬಳಸುವ ಹಣ್ಣು. ಅದರೊಳಗೆ ಬಿತ್ತುವಂಥ ಬೀಜವೇ ಇಲ್ಲ. ಯಾಕೆ?

ಕಾಡುಬಾಳೆಯ ದೇಹಕೋಶದಲ್ಲಿ 22 ವರ್ಣತಂತುಗಳು, ಅಂದರೆ 11ರ ಎರಡು ಗಣ. ವಿರೂಪಾಕ್ಷಿಯಲ್ಲಿ ಮೂರು ಗಣ, ಒಟ್ಟು 33: ಎರಡು ಗಣ ಮ್ಯೂಸಾ ಅಕ್ಯುಮಿನೇಟಾದಿಂದ, ಒಂದು ಮ್ಯೂಸಾ ಬಾಲ್ಬಿಸಿಯಾನಾದಿಂದ ಬಂದದ್ದು. ಮಿಯಾಸಿಸ್‌ನಲ್ಲಿ ವರ್ಣತಂತುಗಳು ಜೋಡಿಯಾಗಿ ನಿಂತು ಆಮೇಲೆ ಅಗಲಬೇಕು. ಮೂರಿದ್ದರೆ ಜೋಡಿ ಹೇಗೆ, ಹೇಳಿ? ಪಾಲು ಸರಿಯಾಗುವುದಿಲ್ಲ, ಪರಾಗದಲ್ಲೂ ಅಂಡದಲ್ಲೂ ಸಂಖ್ಯೆ ಏರುಪೇರು. ಬೀಜ ಕಟ್ಟದಿರಲು ಇದೊಂದು ಮುಖ್ಯ ಕಾರಣ. (ಬೀಜವಿಲ್ಲದೆಯೂ ಕಾಯಿ ತುಂಬುವುದು ಬೇರೆ ಗುಣ, ಎರಡನ್ನೂ ಬೆರೆಸಬೇಡಿ.)

ಮೈಟಾಸಿಸ್‌ಗೆ ಜೋಡಿ ಬೇಕಿಲ್ಲ. 33ರಲ್ಲಿ ಪ್ರತಿಯೊಂದೂ ತನ್ನ ನಕಲು ಮಾಡಿಕೊಳ್ಳುತ್ತದೆ, ನಕಲುಗಳು ಎರಡು ಧ್ರುವಗಳಿಗೆ ಸರಿಯುತ್ತವೆ, ಎರಡೂ ಮರಿಕೋಶಗಳಿಗೆ 33 ಸಿಗುತ್ತದೆ. ಗಡ್ಡೆಯ ಪಕ್ಕದ ಮೊಗ್ಗಿನಲ್ಲಿ ಇದೇ ನಡೆದು ಕಂದು ಏಳುತ್ತದೆ. ತಮಿಳಿನಲ್ಲಿ ಅದು ಕನ್ರು, ಪದವೂ ನಂಟಿನದೇ. ಕೋಶ ಕೋಶದಿಂದಲೇ ಹುಟ್ಟುತ್ತದೆಂದು ರೆಮಾಕ್ ಕಂಡಿದ್ದ, 1855ರಲ್ಲಿ ವಿರ್ಖೋ ಸಾರಿದ. ಬೆಟ್ಟದ ತೋಟಕ್ಕೆ ಆ ಮಾತು ಅಕ್ಷರಶಃ ಸಲ್ಲುತ್ತದೆ: ತಲೆಮಾರುಗಳಿಂದ ಕಡಿಯದೆ ಸಾಗಿಬಂದ ಒಂದೇ ವಿಭಜನೆಯ ಸಾಲು.

ಅಪಾಯವೂ ಅಲ್ಲೇ ಇದೆ. ಬಂಚಿ ಟಾಪ್ ವೈರಸ್ಸು ಗಿಡದ ಆಹಾರನಾಳದಲ್ಲಿ ವಾಸಿಸುತ್ತದೆ. ಗಿಡಹೇನು ಅದನ್ನು ಹರಡುತ್ತದೆ. ರೋಗದ ತಾಯಿಯಿಂದ ಕಿತ್ತ ಕಂದಿನಲ್ಲಿ ರೋಗವೂ ಬರುತ್ತದೆ. ನೆರೆಯವನಿಗೆ ಪ್ರೀತಿಯಿಂದ ಕೊಟ್ಟ ಕಂದೇ ಅವನ ತೋಟ ಕೆಡಿಸಬಹುದು. ಈ ಬೆಟ್ಟಗಳಲ್ಲಿ ಬಾಳೆ ಕುಗ್ಗಿದ್ದಕ್ಕೆ ಬಂಚಿ ಟಾಪ್ ದೊಡ್ಡ ಕಾರಣ.

ಚಿಕಿತ್ಸೆಗೂ ಮೈಟಾಸಿಸ್ಸನ್ನೇ ನೆಚ್ಚಬೇಕು. ಬೆಳೆಯುವ ತುದಿಯಲ್ಲಿ ಕೋಶಗಳು ಒಡೆಯುತ್ತಲೇ ಇರುತ್ತವೆ, ಆಹಾರನಾಳ ಇನ್ನೂ ಮೂಡಿರುವುದಿಲ್ಲ. ಹಾಗಾಗಿ ವೈರಸ್ಸು ಅಲ್ಲಿಗೆ ತಲುಪದಿರುವ ಸಾಧ್ಯತೆ ಹೆಚ್ಚು. ಆ ಚೂರನ್ನು ಕತ್ತರಿಸಿ ಪ್ರಯೋಗಾಲಯದಲ್ಲಿ ಬೆಳೆಸುತ್ತಾರೆ. ತೇನಿ, ಕಂಬಂ ಕಣಿವೆಯ ಗ್ರ್ಯಾಂಡ್ ನೈನ್ ತೋಟಗಳಿಗೆ ಬರುವ ಅಂಗಾಂಶ ಕೃಷಿಯ ಸಸಿಗಳದ್ದೂ ಇದೇ ದಾರಿ. ಅದರಲ್ಲೂ 33, ಮೂರೂ ಗಣ ಅಕ್ಯುಮಿನೇಟಾದವು. ಆದರೆ ಮೂಲ ಚೂರನ್ನು ವೈರಸ್ ಪರೀಕ್ಷೆಗೆ ಒಡ್ಡಲೇಬೇಕು. ಇಲ್ಲದಿದ್ದರೆ ಸಾವಿರ ಸಸಿಯ ಜೊತೆ ರೋಗವೂ ಸಾವಿರವಾಗುತ್ತದೆ.

ಶುದ್ಧ ಸಸಿಗೆ ನಿರೋಧಶಕ್ತಿಯೇನೂ ಹೊಸದಾಗಿ ಬಂದಿರುವುದಿಲ್ಲ, ಆನುವಂಶಿಕವಾಗಿ ಅದು ಹಳೆಯ ಗಿಡವೇ. ಪಕ್ಕದಲ್ಲಿ ರೋಗದ ಬುಡ ಇದ್ದರೆ ಹೇನು ಮತ್ತೆ ಬರುತ್ತದೆ. ಎಲೆ, ದಿಂಡು ಕಡಿದರೆ ಸಾಲದು, ಗಡ್ಡೆಸಮೇತ ಕೀಳಬೇಕು. ಒಂದು ಮೊಗ್ಗು ಉಳಿದರೂ ಅಲ್ಲಿ ವಿಭಜನೆ ಮತ್ತೆ ಶುರು.