ಶಿಶುಪೆಟ್ಟಿಗೆಯೊಳಗಿನ ಕಾಂತಕ್ಷೇತ್ರ

ದಿನ ತುಂಬುವ ಮುನ್ನವೇ ಜನಿಸಿದ ಕೂಸಿಗೆ ತನ್ನ ಮೈಯ ಶಾಖವನ್ನು ಕಾಪಾಡಿಕೊಳ್ಳುವ ಶಕ್ತಿ ಸಾಲದು. ಆದುದರಿಂದ ವೈದ್ಯರು ಅದನ್ನು ಇನ್‌ಕ್ಯುಬೇಟರ್ ಎಂಬ ಪಾರದರ್ಶಕವಾದ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಅದರೊಳಗಿನ ವಿದ್ಯುತ್ ತಾಪಕವು ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ಮೋಟಾರಿನಿಂದ ತಿರುಗುವ ಫ್ಯಾನು ಆ ಗಾಳಿಯನ್ನು ಮಗುವಿನ ಸುತ್ತ ಹರಿಸುತ್ತದೆ. ಕೆಲವು ಶಿಶುಗಳು ಹೀಗೆ ವಾರಗಟ್ಟಲೆ ಇರಬೇಕಾಗುತ್ತದೆ. ಇದು ಪ್ರಾಣವನ್ನು ಉಳಿಸುವ ಸಾಧನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ವಿದ್ಯುತ್ ಹರಿಯುವೆಡೆಯಲ್ಲೆಲ್ಲ ಕಾಂತಕ್ಷೇತ್ರವೂ ಇದ್ದೇ ಇರುತ್ತದೆ. ಹಲವು ಮಾದರಿಗಳಲ್ಲಿ ಮೋಟಾರು ಇರುವುದು ಹಾಸಿಗೆಯ ಅಡಿಯಲ್ಲಿಯೇ. ಹಾಗಾದರೆ ಮಗುವಿಗೆ ತಗಲುವ ಕ್ಷೇತ್ರ ಎಷ್ಟು? ಅದನ್ನು ಅಳೆಯುವ ಬಗೆ ಹೇಗೆ?

ಮೊದಲು ಪ್ರಮಾಣದ ಕಲ್ಪನೆಯನ್ನು ಮಾಡಿಕೊಳ್ಳೋಣ. ಉದ್ದವಾದ ನೇರ ತಂತಿಯಲ್ಲಿ 1 ಆಂಪಿಯರ್ ಪ್ರವಾಹವಿದ್ದರೆ, 1 ಮೀಟರ್ ದೂರದಲ್ಲಿ ಉಂಟಾಗುವ ಕ್ಷೇತ್ರ 0.2 ಮೈಕ್ರೊಟೆಸ್ಲಾ. ನಮ್ಮ ನಾಡಿನಲ್ಲಿ ಭೂಮಿಯ ಕಾಂತಕ್ಷೇತ್ರವೇ ಸುಮಾರು 40 ಮೈಕ್ರೊಟೆಸ್ಲಾದಷ್ಟಿದೆ. ಹಾಗಿದ್ದ ಮೇಲೆ ತಂತಿಯ ಅಲ್ಪ ಕ್ಷೇತ್ರದ ಚಿಂತೆ ಏಕೆ ಎಂದು ವಾಚಕರು ಕೇಳಬಹುದು. ಇವೆರಡಕ್ಕೂ ಒಂದು ಮುಖ್ಯವಾದ ಭೇದವುಂಟು. ಭೂಮಿಯ ಕ್ಷೇತ್ರ ಸ್ಥಿರವಾದುದು. ಸುಮ್ಮನೆ ಮಲಗಿರುವ ದೇಹದಲ್ಲಿ ಅದು ಪ್ರವಾಹವನ್ನು ಪ್ರೇರಿಸಲಾರದು. ನಮ್ಮ ಮನೆಗಳಿಗೂ ಆಸ್ಪತ್ರೆಗಳಿಗೂ ಬರುವ ವಿದ್ಯುತ್ತಾದರೋ ಸೆಕೆಂಡಿಗೆ 50 ಆವರ್ತನೆಗಳ ಪರ್ಯಾಯ ವಿದ್ಯುತ್ತು. ಅದರ ಕ್ಷೇತ್ರ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಬದಲಾಗುವ ಕ್ಷೇತ್ರವು ತನ್ನೊಳಗಿನ ವಾಹಕದಲ್ಲಿ, ಎಂದರೆ ದೇಹದಲ್ಲಿಯೂ, ಅತ್ಯಲ್ಪವಾದರೂ ಪ್ರವಾಹವನ್ನು ಹುಟ್ಟಿಸುತ್ತದೆ.

ಇಷ್ಟು ವೇಗದ ಬದಲಾವಣೆಯನ್ನು ದಿಕ್ಸೂಚಿಯ ಮುಳ್ಳು ಹಿಂಬಾಲಿಸಲಾರದು. ಇಲ್ಲಿ ನೆರವಿಗೆ ಬರುವುದು ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯ ನಿಯಮ. 100 ಸುತ್ತುಗಳುಳ್ಳ, 100 ಚದರ ಸೆಂಟಿಮೀಟರ್ ವಿಸ್ತೀರ್ಣದ ಒಂದು ಸುರುಳಿಯನ್ನು 1 ಮೈಕ್ರೊಟೆಸ್ಲಾದ, 50 ಆವರ್ತನೆಗಳ ಕ್ಷೇತ್ರಕ್ಕೆ ಲಂಬವಾಗಿ ಹಿಡಿದರೆ, ಅದರಲ್ಲಿ ಸುಮಾರು 0.31 ಮಿಲಿವೋಲ್ಟ್ ಉಂಟಾಗುತ್ತದೆ. ಈ ವೋಲ್ಟೇಜನ್ನು ಅಳೆದು ಕ್ಷೇತ್ರವನ್ನು ಲೆಕ್ಕ ಹಾಕಬಹುದು.

ಆದರೆ ಸುರುಳಿಯನ್ನು ಓರೆಯಾಗಿ ಹಿಡಿದರೆ ಅಳತೆ ಕುಗ್ಗುತ್ತದೆ. ಆದುದರಿಂದ ಉಪಕರಣದಲ್ಲಿ ಒಂದಕ್ಕೊಂದು ಲಂಬವಾದ ಮೂರು ಸುರುಳಿಗಳಿರುತ್ತವೆ. ಅವು ಕ್ರಮವಾಗಿ 0.3, 0.4 ಮತ್ತು 1.2 ಮೈಕ್ರೊಟೆಸ್ಲಾ ತೋರಿಸಿದವೆನ್ನಿ. ಈ ಸಂಖ್ಯೆಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಒಟ್ಟು ಕ್ಷೇತ್ರ 1.3 ಎಂದು ದೊರೆಯುತ್ತದೆ. ಒಂದೆಡೆ ಅಳೆದರೆ ಸಾಲದು. ಮಗುವಿನ ತಲೆ, ಎದೆ, ಕಾಲುಗಳು ಇರುವ ಸ್ಥಾನಗಳಲ್ಲಿ ಪ್ರತ್ಯೇಕವಾಗಿ ಅಳೆಯಬೇಕು. ತಾಪಕವು ಆಗಾಗ್ಗೆ ಹೊತ್ತಿ ಆರುವುದರಿಂದ ಅಳತೆಯನ್ನು ದೀರ್ಘಕಾಲ ನಡೆಸಿ ಸರಾಸರಿಯನ್ನು ತೆಗೆಯಬೇಕು.

ಇಟಲಿಯ ಸಿಯೆನಾದ ವೈದ್ಯರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ಗಮನಾರ್ಹವಾಗಿದೆ. ಹೃದಯದ ಬಡಿತಗಳ ನಡುವಣ ಅಂತರ ಸದಾ ಒಂದೇ ಸಮನಾಗಿರುವುದಿಲ್ಲ. ಆ ಏರಿಳಿತ ನರವ್ಯೂಹದ ಹತೋಟಿಯನ್ನು ಸೂಚಿಸುತ್ತದೆ. ಅವರು 27 ಶಿಶುಗಳ ಪೆಟ್ಟಿಗೆಯ ಮೋಟಾರನ್ನು ಐದೈದು ನಿಮಿಷಗಳ ಅವಧಿಗಳಲ್ಲಿ ನಡೆಸಿ, ನಿಲ್ಲಿಸಿ, ಮತ್ತೆ ನಡೆಸಿದರು. ನಿಲ್ಲಿಸಿದಾಗ ಏರಿಳಿತ ಹೆಚ್ಚಿತು. ನಡೆಸಿದಾಗ ಮೊದಲಿನ ಸ್ಥಿತಿಗೆ ಮರಳಿತು. ಇದು ಮೋಟಾರಿನ ಸದ್ದಿನ ಪರಿಣಾಮವಿರಬಹುದಲ್ಲವೆ? ಆ ಸಂಶಯವನ್ನು ನಿವಾರಿಸಲು, ಮೋಟಾರನ್ನು ನಿಲ್ಲಿಸಿಯೇ ಇಟ್ಟು, ಬೇರೆ 16 ಶಿಶುಗಳಿಗೆ ಸದ್ದನ್ನು ಮಾತ್ರ ಅದೇ ರೀತಿ ಹೆಚ್ಚುಕಡಮೆ ಮಾಡಿದರು. ಅವರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಇದರಿಂದ ಶಿಶುಗಳಿಗೆ ಕೇಡಾಯಿತೆಂದು ಹೇಳಬಹುದೆ? ಹೇಳಲಾಗದು. ಕಂಡದ್ದು ತಾತ್ಕಾಲಿಕ ಬದಲಾವಣೆ. ಪರೀಕ್ಷಿಸಿದ ಶಿಶುಗಳ ಸಂಖ್ಯೆಯೂ ಅಲ್ಪ. ಅಯಾನೀಕರಿಸದ ವಿಕಿರಣಗಳ ರಕ್ಷಣೆಯ ಅಂತರರಾಷ್ಟ್ರೀಯ ಮಂಡಲಿಯು 2010ರಲ್ಲಿ 50 ಆವರ್ತನೆಗಳ ಕ್ಷೇತ್ರಕ್ಕೆ ಸಾರ್ವಜನಿಕರ ಮಟ್ಟಿಗೆ 200 ಮೈಕ್ರೊಟೆಸ್ಲಾ ಮಿತಿಯನ್ನು ಸೂಚಿಸಿದೆ. ಆದರೆ ಆ ಮಿತಿ ನರಗಳ ಮೇಲಿನ ತತ್‌ಕ್ಷಣದ ಪರಿಣಾಮಗಳನ್ನು ಆಧರಿಸಿದುದು. ದೀರ್ಘಕಾಲದ ಪ್ರಶ್ನೆ ಬೇರೆ. ಮನೆಯಲ್ಲಿ ಸರಾಸರಿ ಕ್ಷೇತ್ರ 0.4 ಮೈಕ್ರೊಟೆಸ್ಲಾಕ್ಕೂ ಮಿಗಿಲಾಗಿದ್ದ ಮಕ್ಕಳಲ್ಲಿ ರಕ್ತದ ಕ್ಯಾನ್ಸರು ತುಸು ಹೆಚ್ಚಾಗಿ ಕಂಡುಬಂದುದರಿಂದ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2002ರಲ್ಲಿ ಇಂಥ ಕ್ಷೇತ್ರಗಳನ್ನು ‘ಕ್ಯಾನ್ಸರಿಗೆ ಕಾರಣವಾಗಿರುವ ಸಾಧ್ಯತೆಯುಳ್ಳವು’ ಎಂಬ ವರ್ಗಕ್ಕೆ ಸೇರಿಸಿತು. ಎರಡು ಸಂಗತಿಗಳು ಜೊತೆಯಲ್ಲಿ ಕಂಡುಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗದೆಂಬುದನ್ನು ಮರೆಯಬಾರದು.

ಹೆದರಿ ಮಗುವನ್ನು ಪೆಟ್ಟಿಗೆಯಿಂದ ಹೊರತೆಗೆಯುವುದು ಅವಿವೇಕ. ಶಾಖವಿಲ್ಲದಿದ್ದರೆ ಅದರ ಪ್ರಾಣಕ್ಕೇ ಅಪಾಯ. ಮಾಡಬಹುದಾದುದು ಬೇರೊಂದಿದೆ. ಚಿಕ್ಕ ಮೋಟಾರಿನ ಕ್ಷೇತ್ರ ಸ್ವಲ್ಪ ದೂರ ಸರಿದ ಮೇಲೆ ಸ್ಥೂಲವಾಗಿ ದೂರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ಅಂತರವನ್ನು ಇಮ್ಮಡಿಸಿದರೆ ಕ್ಷೇತ್ರ ಎಂಟನೆಯ ಒಂದು ಪಾಲಾಗುತ್ತದೆ. ಆದಕಾರಣ ಮೋಟಾರನ್ನು ಹಾಸಿಗೆಯಿಂದ ಕೊಂಚ ದೂರ ಇರಿಸುವ ವಿನ್ಯಾಸವೇ ಸುಲಭವಾದ ಪರಿಹಾರ.

ಇದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಅಧ್ಯಾಪಕರ ಸಮ್ಮುಖದಲ್ಲಿ, ಪ್ರಯೋಗಾಲಯದ ಮೇಜಿನ ಫ್ಯಾನಿನ ಬಳಿ ಒಂದು ಸುರುಳಿಯನ್ನು ಮಿಲಿವೋಲ್ಟ್ ಮಾಪಕಕ್ಕೆ ಜೋಡಿಸಿ ಹಿಡಿಯಿರಿ. ಸ್ವಲ್ಪ ಸ್ವಲ್ಪವೇ ದೂರ ಸರಿಸುತ್ತ ಅಳತೆಗಳನ್ನು ನಕ್ಷೆಯಲ್ಲಿ ಗುರುತಿಸಿರಿ. ಒಂದು ಗೇಣಿನ ಅಂತರದ ಬೆಲೆ ಎಷ್ಟೆಂಬುದು ಆ ರೇಖೆಯಲ್ಲಿಯೇ ಕಾಣುತ್ತದೆ.