ಆರ್‌ಓ ಘಟಕದ ವೇಸ್ಟ್ ನೀರು ವಿಷವೇ? ಅದರಲ್ಲಿ ಇರುವುದೇನು?

ಶಿಕಾರಿಪುರ, ಸೊರಬದ ಕಡೆ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಕ್ಯಾನ್ ಹಿಡಿದು ಹೋಗುವವರು ಗಮನಿಸಿರಬಹುದು: ಮುಂದಿನ ನಲ್ಲಿಯಲ್ಲಿ ಕುಡಿಯುವ ನೀರು, ಹಿಂದಿನ ಪೈಪಿನಲ್ಲಿ ಹೊರಬೀಳುವ ನೀರು. ಈ ಹಿಂದಿನ ನೀರಿನ ಬಗ್ಗೆ ವಾಟ್ಸಾಪ್‌ನಲ್ಲಿ ನಿಮಗೂ ಎರಡು ಬಗೆಯ ಮಾತು ಬಂದಿರಬಹುದು. ಒಂದು, 'ಅದು ಕೆಮಿಕಲ್ ನೀರು, ಮುಟ್ಟಲೇಬೇಡಿ'. ಇನ್ನೊಂದು, 'ಫಿಲ್ಟರ್ ನೀರೇ ತಾನೆ, ದನಕ್ಕೆ ಕುಡಿಸಿ, ತೋಟಕ್ಕೆ ಬಿಡಿ'. ಎರಡೂ ಪೂರ್ತಿ ನಿಜವಲ್ಲ.

ಒಳಗೆ ನಡೆಯುವುದೇನು?

ಆರ್‌ಓ ಯಂತ್ರ ಒತ್ತಡ ಹಾಕಿ ನೀರನ್ನು ತೆಳುವಾದ ಪೊರೆಯ ಆಚೆ ದಾಟಿಸುತ್ತದೆ. ಕರಗಿದ ಲವಣಗಳ ಬಹುಪಾಲು ಈಚೆಯೇ ಉಳಿಯುತ್ತದೆ. ಯಂತ್ರ ಲವಣವನ್ನು ನಾಶ ಮಾಡುವುದಿಲ್ಲ, ಉಳಿದ ನೀರಿನಲ್ಲಿ ಗಟ್ಟಿಗೊಳಿಸುತ್ತದೆ. 100 ಲೀಟರ್‌ನಲ್ಲಿ 50 ಲೀಟರ್ ಶುದ್ಧ ನೀರು ತೆಗೆದರೆ, ಉಳಿದದ್ದರಲ್ಲಿ ಲವಣ ಸುಮಾರು ಎರಡು ಪಟ್ಟು. 75 ಲೀಟರ್ ತೆಗೆದರೆ ಸುಮಾರು ನಾಲ್ಕು ಪಟ್ಟು. ಅಂದರೆ ವೇಸ್ಟ್ ಕಡಿಮೆಯಾದಷ್ಟೂ ಅದು ಹೆಚ್ಚು ಉಪ್ಪಾಗುತ್ತದೆ.

ಅದರಲ್ಲಿ ಏನೇನಿದೆ?

ಒಳಗೆ ಹೋದದ್ದೇ ಹೊರಗೆ ಬರುತ್ತದೆ. ಬೋರ್‌ವೆಲ್ ನೀರಾದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಕ್ಲೋರೈಡ್, ಸಲ್ಫೇಟ್, ಬೈಕಾರ್ಬೊನೇಟ್. ಪೊರೆಗೆ ಪಾಚು ಕಟ್ಟದಂತೆ ಕೆಲವು ಘಟಕಗಳಲ್ಲಿ ಹಾಕುವ ರಾಸಾಯನಿಕವೂ ಅಲ್ಪ ಪ್ರಮಾಣದಲ್ಲಿರುತ್ತದೆ. ನಗರಗಳಲ್ಲಿ ಕೊಳಚೆ ನೀರನ್ನು ಮರುಬಳಕೆಗೆಂದು ಆರ್‌ಓದಲ್ಲಿ ಸೋಸಿದಾಗ ಉಳಿಯುವ ನೀರು ಬೇರೆಯೇ. ಅದರಲ್ಲಿ ನೈಟ್ರೇಟ್, ಫಾಸ್ಫೇಟ್, ಸಾವಯವ ಕಶ್ಮಲ, ನಾವು ನುಂಗಿದ ಮಾತ್ರೆಗಳ ಅಂಶವೂ ಸೇರಿರುತ್ತದೆ. ಹೆಸರು ಒಂದೇ ಆದರೂ ಎರಡೂ ಒಂದೇ ನೀರಲ್ಲ.

ಎಲ್ಲಿ ಎಚ್ಚರ ಬೇಕು?

ಭಾರತೀಯ ಮಾನಕ ಬ್ಯೂರೋ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5 ರವರೆಗೆ ಅವಕಾಶವಿದೆ. ನಿಮ್ಮ ಬೋರ್‌ವೆಲ್‌ನಲ್ಲಿ 0.9 ಇದೆ ಎಂದುಕೊಳ್ಳಿ, ಅದು ಮಿತಿಯೊಳಗೇ ಇದೆ. ಆದರೆ ನಾಲ್ಕು ಪಟ್ಟು ಗಟ್ಟಿಯಾದ ವೇಸ್ಟ್ ನೀರಿನಲ್ಲಿ ಅದು 3.6 ರ ಹತ್ತಿರ ಹೋಗುತ್ತದೆ. ಟಿಡಿಎಸ್ ಮೀಟರ್ ಇದನ್ನು ಹೇಳುವುದಿಲ್ಲ. ಅದು ತೋರಿಸುವುದು ಒಟ್ಟು ಲವಣದ ಅಂದಾಜು ಮಾತ್ರ. ಫ್ಲೋರೈಡ್ ತಿಳಿಯಲು ಪ್ರತ್ಯೇಕ ಪರೀಕ್ಷೆ ಮಾಡಿಸಬೇಕು.

ಹಾಗಾದರೆ ಏನು ಮಾಡಬೇಕು?

ಬೋರ್‌ವೆಲ್ ಘಟಕದ ವೇಸ್ಟ್ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಧಾರಾಳವಾಗಿ ಬಳಸಿ. ಕುಡಿಯಲು, ಅಡುಗೆಗೆ ಬೇಡ. ಪರೀಕ್ಷೆ ಮಾಡಿಸದೆ ದನಕರುಗಳಿಗೂ ಬೇಡ. ದಿನವೂ ಒಂದೇ ಗಿಡದ ಬುಡಕ್ಕೆ ಬಿಟ್ಟರೆ ಸೋಡಿಯಂ ಸೇರಿ ಮಣ್ಣು ಗಟ್ಟಿಯಾಗುತ್ತದೆ, ಕ್ಲೋರೈಡ್‌ನಿಂದ ಎಲೆಯಂಚು ಸುಡುತ್ತದೆ. ತೆರೆದ ಬಾವಿಯ ಪಕ್ಕದಲ್ಲಂತೂ ಇಂಗಲು ಬಿಡಬೇಡಿ.

ಮುಂದಿನ ಸಲ ಇಂಥ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಎರಡೇ ಪ್ರಶ್ನೆ ಕೇಳಿ: ಒಳಗೆ ಹೋದ ನೀರು ಯಾವುದು? ಅದು ಎಷ್ಟು ಪಟ್ಟು ಗಟ್ಟಿಯಾಗಿದೆ?